ರಕ್ತ ಕೇಳುವವರು ಯಾರು?



“ಫಾದರ್, ನಮ್ಮ ಮಕ್ಕಳು ರಾತ್ರಿಯೆಲ್ಲ ಮೊಬೈಲಿನಲ್ಲಿ ರಕ್ತ ಹೀರುವ ದೆವ್ವಗಳ ಧಾರಾವಾಹಿ ನೋಡುತ್ತಾರೆ. ಪ್ರಬೋಧನೆಯಲ್ಲಿ ಒಂದು ಮಾತು ಹೇಳಿ.” ಈ ಬಿನ್ನಹ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಯಾವ ಗುರುವಿಗೂ ಹೊಸದಲ್ಲ. ಬಿನ್ನಹದಲ್ಲಿ ನ್ಯಾಯವಿದೆ, ಹೇಳಬೇಕಾದುದನ್ನು ಹೇಳುತ್ತೇನೆ. ಆದರೆ ಮಕ್ಕಳಿಗೆ ಹೇಳುವ ಮಾತು ಒಂದು ಪಾಲಾದರೆ ಹೆತ್ತವರಿಗೆ ಹೇಳಬೇಕಾದದ್ದು ಮೂರು ಪಾಲಿದೆ. ಅದನ್ನೂ ಕೇಳುವ ತಾಳ್ಮೆ ನಿಮಗಿರಲಿ ಎಂದು ಮೊದಲೇ ಕೋರುತ್ತೇನೆ.

ಪರದೆಯ ಮೇಲಿನ ರಕ್ತಪಿಪಾಸು

ಈ ಧಾರಾವಾಹಿಗಳ ಪಾಕ ಒಂದೇ. ಸತ್ತು ನೂರಾರು ವರ್ಷವಾದರೂ ಸಾಯದ ಒಬ್ಬ ಸುಂದರ ಯುವಕ. ಜೀವಂತವಾಗಿರುವ ಒಬ್ಬ ಮುಗ್ಧ ಯುವತಿ. ಆಕೆಯ ಮುಖ ಅವನು ಎಂದೋ ಪ್ರೀತಿಸಿ ಕಳೆದುಕೊಂಡವಳ ಮುಖದಂತೆಯೇ ಇರುತ್ತದೆ. ಇವರಿಬ್ಬರು ಸೇರಬಾರದೆಂದು ಎರಡೂ ಕುಲದವರ ಕಟ್ಟಪ್ಪಣೆ. ಪ್ರತಿ ಕಂತಿನ ಕೊನೆಯಲ್ಲಿ ಹಳೆಯದೊಂದು ಪಾಪ ಬಂದು ಬಾಗಿಲು ಬಡಿಯುತ್ತದೆ. 2009ರಿಂದ 2017ರವರೆಗೆ ನಡೆದ ಅಮೆರಿಕದ ‘ದಿ ವ್ಯಾಂಪೈರ್ ಡೈರೀಸ್’ ಹೀಗೆಯೇ 1864ರ ಪ್ರೇಮವೊಂದನ್ನು ಇಂದಿನ ಹುಡುಗಿಯ ಮನೆಗೆ ತಂದು ನಿಲ್ಲಿಸಿತು. 2010ರಲ್ಲಿ ಸ್ಟಾರ್ ಒನ್ ವಾಹಿನಿಯಲ್ಲಿ ಆರಂಭವಾದ ‘ಪ್ಯಾರ್ ಕೀ ಯೇ ಏಕ್ ಕಹಾನಿ’ ಅದೇ ಪಾಕಕ್ಕೆ ಹಿಂದಿಯ ಒಗ್ಗರಣೆ ಹಾಕಿತು. ಎರಡೂ ಮುಗಿದು ವರ್ಷಗಳಾಗಿವೆ. ಆದರೆ ಮೊಬೈಲಿನಲ್ಲಿ ಯಾವುದೂ ಮುಗಿಯುವುದಿಲ್ಲ.

ಈ ಪಿಶಾಚಿ ಎಲ್ಲಿಂದ ಬಂತು? ಐರ್ಲೆಂಡಿನ ಬ್ರಾಮ್ ಸ್ಟೋಕರ್ 1897ರಲ್ಲಿ ‘ಡ್ರಾಕುಲಾ’ ಕಾದಂಬರಿಯನ್ನು ಪ್ರಕಟಿಸಿದ. ಅದಕ್ಕೂ ಹಿಂದೆ, ಹದಿನೆಂಟನೆಯ ಶತಮಾನದಲ್ಲಿ, ಪೂರ್ವ ಯೂರೋಪಿನ ಹಳ್ಳಿಗಳಲ್ಲಿ ಸತ್ತವರು ಎದ್ದುಬಂದು ರಕ್ತ ಹೀರುತ್ತಾರೆಂಬ ಭೀತಿ ಹಬ್ಬಿತ್ತು. ಜನರು ಗೋರಿಗಳನ್ನು ಅಗೆದು ಶವಗಳಿಗೆ ಗೂಟ ಹೊಡೆದರು, ಸುಟ್ಟರು. ಆಗ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಇದೆಲ್ಲ ಕಲ್ಪನೆಯ ವಿಕಾರವೆಂದು ಬರೆದರು. ಆಸ್ಟ್ರಿಯದ ರಾಣಿ ಮರಿಯಾ ತೆರೇಸಾ ತನ್ನ ಆಸ್ಥಾನವೈದ್ಯ ವಾನ್ ಸ್ವೀಟನ್ನನ ಸಲಹೆಯ ಮೇರೆಗೆ 1755ರಲ್ಲಿ ಶವ ಅಗೆಯುವ ಈ ಪದ್ಧತಿಯನ್ನು ನಿಷೇಧಿಸಿದಳು. ಆದ್ದರಿಂದ ‘ಇಂಥದ್ದೊಂದು ಇದೆಯೇ, ಫಾದರ್?’ ಎಂದು ಮಕ್ಕಳು ಕೇಳಿದರೆ ಉತ್ತರಕ್ಕೆ ತಡಕಾಡಬೇಕಿಲ್ಲ. ಧರ್ಮಸಭೆಯ ಒಳಗೂ ಹೊರಗೂ ಆ ಉತ್ತರ ಸಿಕ್ಕಿ ಸುಮಾರು 270 ವರ್ಷಗಳಾದವು.

ನಾವೂ ಈ ವಿಷಯದಲ್ಲಿ ಬಡವರಲ್ಲ. ‘ಚಂದಮಾಮ’ ಓದಿ ಬೆಳೆದ ನನ್ನ ವಯಸ್ಸಿನವರಿಗೆ ಮರದಲ್ಲಿ ನೇತಾಡುವ ಬೇತಾಳ ಚಿರಪರಿಚಿತ. 1870ರಲ್ಲಿ ಆ ಕಥೆಗಳನ್ನು ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್ ನಮ್ಮ ಬೇತಾಳನಿಗೆ ‘ವ್ಯಾಂಪೈರ್’ ಎಂದೇ ಹೆಸರಿಟ್ಟ. ಆದರೆ ನಮ್ಮ ಬೇತಾಳ ವಿಕ್ರಮನ ಹೆಗಲೇರಿ ಕೇಳಿದ್ದು ರಕ್ತವನ್ನಲ್ಲ, ನ್ಯಾಯವನ್ನು. ಉತ್ತರ ಗೊತ್ತಿದ್ದೂ ಬಾಯಿ ಬಿಡದವನ ತಲೆ ಒಡೆದು ಹೋಗುವುದೆಂಬುದು ಅವನ ಷರತ್ತು. ಈ ಷರತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಳಬಾಗಿಲಿನ ಮಗಳು, ನಾಗವಲ್ಲಿಯ ಶಾಪ

ದೂರದ ಮಾತೇಕೆ? ಕನ್ನಡಿಗರನ್ನು ಅತ್ಯಂತ ಹೆಚ್ಚು ಬೆಚ್ಚಿಬೀಳಿಸಿದ ಪ್ರೇತದ ಪಾತ್ರವನ್ನು ಆವಾಹಿಸಿಕೊಂಡು ಅಭಿನಯಿಸಿದ್ದು ಮುಳಬಾಗಿಲಿನ ಮಣ್ಣಿನ ಮಗಳು, ನಟಿ ಸೌಂದರ್ಯ. ಆಕೆ 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತಕ್ಕೀಡಾದರು. ‘ಆಪ್ತಮಿತ್ರ’ ತೆರೆಕಂಡದ್ದು ಅದೇ ವರ್ಷ, ಆಕೆಯ ಮರಣಾನಂತರ. ನಾಗವಲ್ಲಿ ಒಬ್ಬ ನರ್ತಕಿ. ಮತ್ತೊಬ್ಬ ನರ್ತಕನನ್ನು ಪ್ರೀತಿಸಿದಳು. ರಾಜನು ಪ್ರಿಯಕರನನ್ನು ಕೊಂದು ಅವಳನ್ನು ಸುಟ್ಟನು. ನಿಷೇಧಿತ ಪ್ರೀತಿ ಮತ್ತು ಬೆನ್ನುಬಿಡದ ಗತಕಾಲ ಎಂಬ ಅದೇ ಪಾಕ.

ಆ ಕಥೆಯಲ್ಲಿ ಮನೋವೈದ್ಯನೊಬ್ಬ ಬಂದು, ಇದು ನೊಂದ ಮನಸ್ಸಿನ ಕಾಯಿಲೆ ಎಂದು ಬಿಡಿಸಿ ಹೇಳುತ್ತಾನೆ. ಆದರೂ 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಾಗ ‘ನಾಗವಲ್ಲಿಯ ಶಾಪ’ ಎಂಬ ಮಾತು ಮನೆಮನೆಗೆ ಹಬ್ಬಿತು. ಭಾನುವಾರ ವಿಶ್ವಾಸಪ್ರಮಾಣವನ್ನು ಗಟ್ಟಿಯಾಗಿ ಹೇಳುವ ನಮ್ಮವರೂ ಸೋಮವಾರ ಈ ಮಾತನ್ನು ನಂಬಿದರು. ಪ್ರೇತವಿಲ್ಲವೆಂದ ಚಿತ್ರದಿಂದಲೇ ನಾವು ಒಂದು ಪ್ರೇತವನ್ನು ಹುಟ್ಟಿಸಿಕೊಂಡೆವು. ಹಾಗಿರುವಾಗ ಮಕ್ಕಳನ್ನು ಮಾತ್ರ ಗದರುವುದು ಎಷ್ಟು ಸರಿ?

ಈ ಧಾರಾವಾಹಿಗಳ ಮೇಲೆ ನನ್ನ ದೂರು ಭಯದ ಕುರಿತಾದದ್ದಲ್ಲ. ಮೊದಲನೆಯ ದೂರು ಇದು: ಹುಡುಗಿಗೆ ತಿಳಿಯದಂತೆ ಹಿಂಬಾಲಿಸುವುದು, ಅವಳು ನಿದ್ರಿಸುವಾಗ ಕಿಟಕಿಯಲ್ಲಿ ನಿಂತು ನೋಡುವುದು, ‘ನೀನಿಲ್ಲದಿದ್ದರೆ ನಾನು ಯಾರನ್ನಾದರೂ ಕೊಂದೇನು’ ಎನ್ನುವುದು, ಇವೆಲ್ಲ ಪ್ರೀತಿಯ ಲಕ್ಷಣಗಳೆಂದು ಅವು ಕಲಿಸುತ್ತವೆ. ಇವು ಪ್ರೀತಿಯಲ್ಲ, ಬೇಟೆ. ಗಂಡುಮಕ್ಕಳಿಗೆ ಇದನ್ನು ನಾವು ಬಾಯಿಬಿಟ್ಟು ಹೇಳಬೇಕು. ಎರಡನೆಯ ದೂರು ಇನ್ನೂ ದೊಡ್ಡದು. ಕೆಡುಕು ಎಲ್ಲೋ ಹೊರಗಿದೆ, ಕೋರೆಹಲ್ಲು ಇಟ್ಟುಕೊಂಡು ಮಧ್ಯರಾತ್ರಿ ಬರುತ್ತದೆ ಎಂದು ಅವು ನಂಬಿಸುತ್ತವೆ. ಕೆಡುಕಿಗೆ ಕೋರೆಹಲ್ಲು ಇರುವುದಿಲ್ಲ, ಓದುಗರೇ. ಅದು ಹಗಲಿನಲ್ಲಿಯೇ, ನಡುಮನೆಯಲ್ಲಿ, ಕಾಫಿ ಕುಡಿಯುತ್ತಾ ಕುಳಿತಿರುತ್ತದೆ.

ನಮ್ಮ ಜಿಲ್ಲೆಯ ರಕ್ತ

2023ರ ಜೂನ್ ತಿಂಗಳಿನ ಕೊನೆಯಲ್ಲಿ ನಮ್ಮ ನೆರೆಯ ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಸುದ್ದಿಯನ್ನು ನೀವೆಲ್ಲ ಓದಿದ್ದೀರಿ. ದಲಿತ ಯುವಕನೊಬ್ಬನನ್ನು ಪ್ರೀತಿಸಿದಳೆಂಬ ಕಾರಣಕ್ಕೆ ಇಪ್ಪತ್ತು ವರ್ಷದ ಮಗಳನ್ನು ಕೊಂದ ಆರೋಪದ ಮೇಲೆ ತಂದೆಯನ್ನು ಪೊಲೀಸರು ಬಂಧಿಸಿದರು. ಸುದ್ದಿ ತಿಳಿದ ಯುವಕ ರೈಲಿಗೆ ತಲೆಕೊಟ್ಟ. ಅಲ್ಲಿ ಯಾವ ಪಿಶಾಚಿಯೂ ಬರಲಿಲ್ಲ. ಆ ಹುಡುಗಿಯ ರಕ್ತ ಕೇಳಿದ್ದು ಒಂದು ಪದ: ‘ಮರ್ಯಾದೆ’.

‘ಅದು ಅವರ ಕಡೆಯ ಸಂಗತಿ, ನಮ್ಮಲ್ಲಿ ಹಾಗಿಲ್ಲ’ ಎಂದು ಹೇಳಿ ಪುಟ ತಿರುಗಿಸಬೇಡಿ. 2018ರ ಮೇ ತಿಂಗಳಲ್ಲಿ ಕೇರಳದಲ್ಲಿ ಕೊಲೆಯಾದ ಕೋಟ್ಟಯಂನ ಯುವಕ ದಲಿತ ಕ್ರೈಸ್ತ. ಅವನು ಮದುವೆಯಾಗಿದ್ದ ಹುಡುಗಿಯ ತಂದೆಯದೂ ಕ್ರೈಸ್ತ ಮನೆತನ. 2019ರ ಆಗಸ್ಟ್‌ನಲ್ಲಿ ಅಲ್ಲಿನ ನ್ಯಾಯಾಲಯ ಇದನ್ನು ಮರ್ಯಾದೆಯ ಹೆಸರಿನ ಹತ್ಯೆಯೆಂದೇ ಕರೆದು ಹುಡುಗಿಯ ಅಣ್ಣನೂ ಸೇರಿ ಹತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನಮ್ಮ ದೀಕ್ಷಾಸ್ನಾನದ ನೀರು ಆ ಮನೆಯಲ್ಲಿ ಜಾತಿಯನ್ನು ತೊಳೆದಿರಲಿಲ್ಲ.

ಗತಕಾಲ ಕಾಡುತ್ತದೆ ಎನ್ನುವ ಧಾರಾವಾಹಿಯ ಮಾತು ಒಂದು ಅರ್ಥದಲ್ಲಿ ನಿಜವೇ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಜೀವಂತ ಸುಡಲಾಯಿತು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು. ಕೊಂದವರು ಕಾನೂನಿನ ಲೆಕ್ಕದಲ್ಲಿ ಯಾರೂ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲನ್ನು ದಲಿತ ಬಾಲಕನೊಬ್ಬ ಮುಟ್ಟಿದನೆಂದು ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದರು. ಮುಟ್ಟಿದ್ದಕ್ಕೇ ದಂಡವಿರುವ ನಾಡಿನಲ್ಲಿ ತಾಳಿ ಕಟ್ಟಿದರೆ ಏನಾಗಬಹುದು? ನಮ್ಮ ಮಕ್ಕಳು ಆ ಧಾರಾವಾಹಿಗಳನ್ನು ಏಕೆ ಬಿಟ್ಟುಬಿಡದೆ ನೋಡುತ್ತಾರೆಂಬುದಕ್ಕೆ ಇಲ್ಲಿ ಉತ್ತರವಿದೆ. ಮನೆಯಲ್ಲಿ ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಯನ್ನು, ‘ಪ್ರೀತಿಸಿದರೆ ಕೊಲ್ಲುತ್ತಾರೆಯೇ?’ ಎಂಬುದನ್ನು, ಪರದೆಯ ಮೇಲೆ ಯಾರೋ ಅವರ ಪರವಾಗಿ ಕೇಳುತ್ತಿದ್ದಾರೆ.

‘ನಮ್ಮ ರಕ್ತ’ ಎಂಬ ಮಾತು

ಮದುವೆ ಮಾತುಕತೆಯಲ್ಲಿ ನಾವು ಜಾತಿಯ ಹೆಸರೆತ್ತುವುದಿಲ್ಲ. ಅಷ್ಟು ನಾಜೂಕು ಬಂದಿದೆ. ‘ಮೂಲ ಯಾವ ಕಡೆ?’, ‘ಮನೆಯಲ್ಲಿ ಯಾವ ಭಾಷೆ?’, ‘ನಮ್ಮ ಪೈಕಿಯವರೇ?’ ಎಂದು ಕೇಳುತ್ತೇವೆ. ಮೂರು ಪ್ರಶ್ನೆಗೂ ಅರ್ಥ ಒಂದೇ. ಹೊಂದಿಕೆಯಾಗದಿದ್ದರೆ ‘ಅದು ನಮ್ಮ ರಕ್ತವಲ್ಲ’ ಎನ್ನುತ್ತೇವೆ.

ಶ್ರೀನಿವಾಸಪುರದ ಮಾವಿನ ತೋಟದವರನ್ನು ನಾನು ಒಂದು ಮಾತು ಕೇಳಬೇಕು. ನಿಮ್ಮ ತೋಟದ ಮಲ್ಲಿಕಾ ಹಣ್ಣು ಎಲ್ಲಿಂದ ಬಂತು? ನೀಲಂ ಮತ್ತು ದಶೇರಿ, ದಕ್ಷಿಣದ್ದೊಂದು ಉತ್ತರದ್ದೊಂದು, ಎರಡನ್ನೂ ಕೂಡಿಸಿ ಪಡೆದ ತಳಿ ಅದು. ನಿಮ್ಮ ಬಾದಾಮಿ ಗಿಡ ನಿಂತಿರುವುದು ಯಾವುದೋ ನಾಟಿ ಮರದ ಬೇರಿನ ಮೇಲೆ ಕಟ್ಟಿದ ಕಸಿಯಾಗಿ. ಬೇರೊಂದು ಬುಡ, ಬೇರೊಂದು ರೆಂಬೆ. ಹಣ್ಣು ಮಾರಿ ಮಕ್ಕಳನ್ನು ಓದಿಸುತ್ತೀರಿ. ಓದಿದ ಮಗಳು ಬೇರೊಂದು ಬುಡದ ಹುಡುಗನನ್ನು ತೋರಿಸಿದಾಗ ಮಾತ್ರ ರಸ ಕಹಿಯಾಗುತ್ತದೆಯೇ?

ಧರ್ಮಸಭೆ ಏನು ಹೇಳುತ್ತದೆಂಬುದನ್ನು ಸ್ಪಷ್ಟವಾಗಿ ತಿಳಿಯಿರಿ. ಧರ್ಮಸಭೆಯ ಕಾನೂನು ಸಂಹಿತೆಯ 1083ರಿಂದ 1094ರವರೆಗಿನ ಕಲಮುಗಳಲ್ಲಿ ವಿವಾಹವನ್ನು ಅಸಿಂಧುಗೊಳಿಸುವ ಹನ್ನೆರಡು ಅಡ್ಡಿಗಳಿವೆ. ವಯಸ್ಸು, ಹಿಂದಿನ ವಿವಾಹಬಂಧನ, ಗುರುದೀಕ್ಷೆ, ಸಮೀಪದ ರಕ್ತಸಂಬಂಧ ಮುಂತಾದವು ಆ ಪಟ್ಟಿಯಲ್ಲಿವೆ. ಜಾತಿ ಅದರಲ್ಲಿಲ್ಲ. ವಿಚಿತ್ರ ನೋಡಿ: ರಕ್ತ ತೀರಾ ಹತ್ತಿರವಾಯಿತೆಂದು ಧರ್ಮಸಭೆ ಅಡ್ಡಿ ಮಾಡುತ್ತದೆ, ರಕ್ತ ದೂರವಾಯಿತೆಂದು ನಾವು ಅಡ್ಡಿ ಮಾಡುತ್ತೇವೆ. 1057ನೆಯ ಕಲಮಿನ ಪ್ರಕಾರ ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿ; ಬೇರಾವ ಮಾನವಶಕ್ತಿಯೂ ಆ ಸಮ್ಮತಿಯ ಸ್ಥಾನವನ್ನು ತುಂಬಲಾರದು. ಇದು ಇಂದಿನ ಆಧುನಿಕರ ಮಾತೂ ಅಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆಯು ಗುಟ್ಟಿನ ಮದುವೆಗಳನ್ನು ಖಂಡಿಸಿತಾದರೂ, ಹೆತ್ತವರ ಒಪ್ಪಿಗೆಯಿಲ್ಲದ ಮದುವೆ ಮದುವೆಯೇ ಅಲ್ಲ ಎಂದು ವಾದಿಸಿದವರನ್ನೂ ಖಂಡಿಸಿತು.

ಇನ್ನೊಂದು ಮಾತು. ಬಲವಂತದಿಂದ ಅಥವಾ ಗಂಭೀರ ಭಯದಿಂದ ನಡೆದ ಮದುವೆ 1103ನೆಯ ಕಲಮಿನಂತೆ ಸಿಂಧುವಲ್ಲ. ‘ನೀನು ಅವನನ್ನು ಕಟ್ಟಿಕೊಂಡರೆ ನಾನು ವಿಷ ಕುಡಿಯುತ್ತೇನೆ’ ಎಂದು ಹೆದರಿಸಿ ಮಗಳನ್ನು ಬೇರೊಬ್ಬನ ಪಕ್ಕದಲ್ಲಿ ನಿಲ್ಲಿಸುವ ತಾಯಿಯೇ, ನೀನು ಬಲಿಪೀಠದ ಮುಂದೆ ನಡೆಸುತ್ತಿರುವುದು ಸಂಸ್ಕಾರವೋ ನಾಟಕವೋ? ಹೆತ್ತವರ ಮೇಲಿನ ಗೌರವದಿಂದ ಹುಟ್ಟುವ ಭಯವೂ ಸಮ್ಮತಿಯನ್ನು ಕೆಡಿಸಬಲ್ಲದೆಂದು ಧರ್ಮಸಭೆಯ ನ್ಯಾಯಪೀಠಗಳು ಒಪ್ಪುತ್ತವೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ನಮ್ಮೊಳಗೆ ಅಸ್ಪೃಶ್ಯತೆ ಇರುವುದನ್ನು ಒಪ್ಪಿಕೊಂಡಿದೆ. ಧರ್ಮಾಧ್ಯಕ್ಷರು ಒಪ್ಪಿಕೊಂಡದ್ದನ್ನು ನಮ್ಮ ನಡುಮನೆಗಳು ಇನ್ನೂ ಒಪ್ಪಿಕೊಂಡಿಲ್ಲ.

ನೀವು ಎತ್ತುವ ಆಕ್ಷೇಪಗಳು

‘ಹಾಗಾದರೆ ಮಕ್ಕಳು ಯಾರನ್ನು ತೋರಿಸಿದರೂ ಹೂಂ ಅನ್ನಬೇಕೇ?’ ಇಲ್ಲ. ಕುಡುಕನೇ, ದುಡಿಯದವನೇ, ಸುಳ್ಳುಗಾರನೇ, ಈಗಾಗಲೇ ಕೈಯೆತ್ತುವವನೇ ಎಂದು ವಿಚಾರಿಸಿ. ಅದು ನಿಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯ. ಆದರೆ ಗುಣವನ್ನು ವಿಚಾರಿಸುವುದು ಬೇರೆ, ಕುಲವನ್ನು ವಿಚಾರಿಸುವುದು ಬೇರೆ. ಗುಣವಂತನನ್ನು ಕುಲಕ್ಕಾಗಿ ತಳ್ಳಿ, ಕುಲವಿದ್ದ ಕುಡುಕನಿಗೆ ಮಗಳನ್ನು ಕೊಟ್ಟ ಮನೆಗಳು ನಮ್ಮಲ್ಲಿ ಇಲ್ಲವೇ?

‘ದೀಕ್ಷಾಸ್ನಾನ ಪಡೆಯದವರನ್ನು ಪ್ರೀತಿಸಿದರೆ?’ ಇಲ್ಲಿ ನಿಜವಾದ ಅಡ್ಡಿಯಿದೆ. ವಿಶ್ವಾಸದ ಬದುಕು, ಮಕ್ಕಳ ಧರ್ಮಶಿಕ್ಷಣ, ಇವು ಸಣ್ಣ ಸಂಗತಿಗಳಲ್ಲ. ಆದರೆ ಆ ಅಡ್ಡಿಗೂ ಧರ್ಮಸಭೆಯಲ್ಲಿ ದಾರಿಯಿದೆ: ಧರ್ಮಾಧ್ಯಕ್ಷರಿಂದ ವಿನಾಯಿತಿ, ಕಥೋಲಿಕ ಪಕ್ಷದವರ ಪ್ರತಿಜ್ಞೆ, ಇಬ್ಬರಿಗೂ ತಿಳಿವಳಿಕೆ. ದಾರಿ ಇರುವುದು ಗುರುಗಳ ಮನೆಯಲ್ಲಿ. ದೊಣ್ಣೆ ಹಿಡಿದ ಅಣ್ಣತಮ್ಮಂದಿರ ಕೈಯಲ್ಲಲ್ಲ. ಪ್ರಾಪ್ತ ವಯಸ್ಕರಿಬ್ಬರು ಪರಸ್ಪರ ಒಪ್ಪಿದಾಗ ಕುಟುಂಬದ ಅಥವಾ ಸಮುದಾಯದ ಒಪ್ಪಿಗೆ ಅಗತ್ಯವಿಲ್ಲವೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ.

‘ಜನ ಏನೆನ್ನುತ್ತಾರೆ?’ ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟವನ್ನು ನೋಡಿದ್ದೀರಿ. ಜನರ ಮಾತಿಗಾಗಿ ಕಾಡಿಗೆ ಕಳುಹಿಸಲ್ಪಟ್ಟ ಸೀತೆ ಅಲ್ಲಿಯೇ ಲವಕುಶರನ್ನು ಹೆತ್ತಳೆಂಬುದು ನಮ್ಮ ನೆರೆಹೊರೆಯವರ ನಂಬಿಕೆ. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರು ‘ಮಹಾಸತಿ’ ಎಂಬುದರಿಂದ ಬಂದದ್ದೆನ್ನುತ್ತಾರೆ. ಈ ನೆಲ ‘ಜನ ಏನೆನ್ನುತ್ತಾರೆ’ ಎಂಬ ಮಾತಿಗೆ ಹೆಣ್ಣಿನಿಂದ ಎಷ್ಟು ಬೆಲೆ ಕೀಳಿದೆಯೆಂದು ಇಲ್ಲಿನ ಕಲ್ಲುಗಳೇ ಹೇಳುತ್ತಿವೆ. ಇನ್ನೂ ಕಲ್ಲು ನೆಡಬೇಕೇ?

ಯೇಸುಸ್ವಾಮಿಯ ವಂಶಾವಳಿಯನ್ನು ಸಂತ ಮತ್ತಾಯರು ಬರೆದಾಗ ಅದರಲ್ಲಿ ಮೋವಾಬಿನ ರೂತಳನ್ನು ಮರೆಮಾಚಲಿಲ್ಲ. ಮೋವಾಬ್ಯರನ್ನು ಸಭೆಗೆ ಸೇರಿಸಬಾರದೆಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿತ್ತು. ಆ ಹೊರಗಿನವಳ ಮರಿಮಗನೇ ದಾವೀದ ಅರಸ. ಮೋಶೆಯ ಕೂಷ್ ನಾಡಿನ ಪತ್ನಿಯ ಬಗ್ಗೆ ಗೊಣಗಿದ ಮಿರ್ಯಾಮಳಿಗೆ ಕುಷ್ಠ ಹತ್ತಿತು, ಮದುವೆಯಾದ ಮೋಶೆಗಲ್ಲ. ‘ನಮ್ಮ ರಕ್ತ’ ಎನ್ನುವವರು ಈ ಪುಟಗಳನ್ನು ಓದಿಲ್ಲವೋ, ಓದಿಯೂ ಮಡಿಚಿಟ್ಟಿದ್ದಾರೋ?

‘ನಾಳೆ ಬಾ’

1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತಲ ಮನೆಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ರಾತ್ರಿ ಒಂದು ಹೆಣ್ಣು ದೆವ್ವ ಮನೆಯವರದೇ ಧ್ವನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ, ಬರಹ ಓದಿದರೆ ಮರಳಿ ಹೋಗುತ್ತದೆ ಎಂಬ ನಂಬಿಕೆ. ಆ ಬರಹಗಳು ಅಳಿಸಿಹೋಗಿವೆ. ಆದರೆ ನಮ್ಮದೇ ಮಗ, ನಮ್ಮದೇ ಮಗಳು, ನಮ್ಮದೇ ಧ್ವನಿಯಲ್ಲಿ ‘ಅಪ್ಪಾ, ಒಂದು ಮಾತು’ ಎಂದು ಬಂದಾಗ ನಾವು ಹೇಳುವುದು ಇನ್ನೂ ಅದನ್ನೇ. ಪ್ರಕಟನಾ ಗ್ರಂಥದಲ್ಲಿ ಬಾಗಿಲ ಹೊರಗೆ ನಿಂತು ತಟ್ಟುತ್ತಿರುವವರು ಯಾರೆಂದು ನಿಮಗೆ ಗೊತ್ತು. ಅವರಿಗೂ ನಾವು ‘ನಾಳೆ ಬಾ’ ಎಂದೇ ಬರೆದಿಟ್ಟಿಲ್ಲವೇ?

ಪರದೆಯ ಪಿಶಾಚಿ ತಾನು ಬದುಕಲೆಂದು ಇನ್ನೊಬ್ಬರ ರಕ್ತ ಕುಡಿಯುತ್ತದೆ. ನಮ್ಮ ಪ್ರಭುವು ಇತರರು ಬದುಕಲೆಂದು ತಮ್ಮ ರಕ್ತ ಕೊಟ್ಟರು. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಆ ಪಾತ್ರೆಯ ಮುಂದೆ ನಾವು ಮೊಣಕಾಲೂರುತ್ತೇವೆ. ಒಂದೇ ರಕ್ತದಲ್ಲಿ ಪಾಲುಗೊಂಡವರು ಮನೆಗೆ ಹೋಗಿ ‘ಅವರದು ಬೇರೆ ರಕ್ತ’ ಎಂದರೆ ಆ ಪಾತ್ರೆಯ ಮುಂದೆ ನಾವು ಹೇಳಿದ ಆಮೆನ್ ಸುಳ್ಳು. ಹೀಗೆ ಬರೆಯುವುದು ಕಠಿಣವೆನಿಸಬಹುದು. ಉತ್ತರ ಗೊತ್ತಿದ್ದೂ ಸುಮ್ಮನಿದ್ದವನ ತಲೆಗೆ ಬೇತಾಳ ಹಾಕಿದ ಷರತ್ತನ್ನು ನೆನೆಸಿಕೊಂಡು ಬರೆಯುತ್ತಿದ್ದೇನೆ.

ಆದ್ದರಿಂದ ಧಾರಾವಾಹಿಯನ್ನು ನಿಲ್ಲಿಸಿ ಎಂದು ಮಕ್ಕಳಿಗೆ ಹೇಳುವ ಮೊದಲು ನೀವು ಮೂರನ್ನು ನಿಲ್ಲಿಸಿ. ಸಂಬಂಧ ಹುಡುಕುವಾಗ ‘ಮೂಲ’ ಕೇಳುವುದನ್ನು ನಿಲ್ಲಿಸಿ. ಸಾಯುತ್ತೇನೆ, ಸಾಯಿಸುತ್ತೇನೆ ಎಂಬ ಮಾತುಗಳನ್ನು ಮನೆಯಲ್ಲಿ ಆಡುವುದನ್ನು ನಿಲ್ಲಿಸಿ. ಕೋಪದ ಮಾತೆಂದು ನೀವು ತಿಳಿದದ್ದನ್ನು ಮಗು ತೀರ್ಪೆಂದು ಕೇಳಿಸಿಕೊಳ್ಳುತ್ತದೆ. ಓಡಿಹೋಗಿ ಮದುವೆಯಾದವರ ಮನೆಯವರನ್ನು ಚರ್ಚಿನ ಅಂಗಳದಲ್ಲಿ ಆಡಿಕೊಳ್ಳುವುದನ್ನು ನಿಲ್ಲಿಸಿ. ಆಮೇಲೆ ಮಕ್ಕಳ ಪಕ್ಕದಲ್ಲಿ ಕುಳಿತು ಆ ಧಾರಾವಾಹಿಯ ಒಂದು ಕಂತನ್ನು ನೀವೂ ನೋಡಿ, ‘ಇದರಲ್ಲಿ ನಿನಗೆ ಇಷ್ಟವಾದದ್ದೇನು?’ ಎಂದು ಕೇಳಿ. ಬಹುಶಃ ಅಂದು ನಿಮ್ಮ ಮಗು ದೆವ್ವದ ಬಗ್ಗೆ ಮಾತನಾಡುವುದಿಲ್ಲ.

ಕೊನೆಗೆ ತೋಬಿತನ ಗ್ರಂಥವನ್ನು ತೆರೆಯಿರಿ. ಅದು ನಮ್ಮ ಬೈಬಲಿನದೇ ಪಿಶಾಚಿಯ ಕಥೆ. ಸಾರಾ ಎಂಬ ಹುಡುಗಿಯ ಏಳು ಗಂಡಂದಿರನ್ನು ಮದುವೆಯ ರಾತ್ರಿಯೇ ಒಂದು ದೆವ್ವ ಕೊಂದಿತ್ತು. ಮನೆಯ ದಾಸಿ ಅವಳನ್ನೇ ಗಂಡಂದಿರ ಕೊಲೆಗಾತಿ ಎಂದು ಹಂಗಿಸಿದಳು. ಅವಳು ನೇಣು ಹಾಕಿಕೊಳ್ಳಲು ಹೋಗಿ, ತಂದೆಯನ್ನು ನೆನೆದು ಹಿಂದೆ ಸರಿದಳು. ತೋಬಿಯ ಅವಳದೇ ಕುಲದವನಲ್ಲವೇ ಎಂದು ನೀವು ಕೇಳಬಹುದು. ಹೌದು, ಸೆರೆಯ ನಾಡಿನಲ್ಲಿ ಒಂದು ಸಣ್ಣ ಜನಾಂಗ ತನ್ನ ವಿಶ್ವಾಸ ಉಳಿಸಿಕೊಳ್ಳಲು ಹಿಡಿದ ದಾರಿ ಅದು. ಯಾರನ್ನೂ ಕೀಳೆಂದು ತಳ್ಳಲು ಮಾಡಿದ ಕಟ್ಟಳೆಯಲ್ಲ.

ನಾನು ತೋರಿಸಬಯಸುವುದು ಹುಡುಗಿಯ ತಂದೆ ರಗುವೇಲನನ್ನು. ಈ ಅಳಿಯನೂ ಸತ್ತೇ ಸಾಯುತ್ತಾನೆಂದು ತಿಳಿದು, ಊರಿನವರು ನಕ್ಕಾರೆಂಬ ಭಯದಿಂದ, ಅವನು ರಾತ್ರೋರಾತ್ರಿ ಹೊರಗೆ ಗೋರಿ ತೋಡಿಸಿದ. ಒಳಗೆ ನವದಂಪತಿಗಳು ಮಂಚದಿಂದೆದ್ದು ಒಟ್ಟಿಗೆ ಪ್ರಾರ್ಥಿಸುತ್ತಿದ್ದರು. ದಾಸಿ ದೀಪ ಹಿಡಿದು ಹೋಗಿ ನೋಡಿದಾಗ ಇಬ್ಬರೂ ಸುಖವಾಗಿ ನಿದ್ರಿಸುತ್ತಿದ್ದರು. ರಗುವೇಲ ದೇವರನ್ನು ಸ್ತುತಿಸಿ, ಬೆಳಗಾಗುವುದರೊಳಗೆ ಆ ಗುಂಡಿಯನ್ನು ಮುಚ್ಚಿರೆಂದು ಆಳುಗಳಿಗೆ ಅಪ್ಪಣೆ ಮಾಡಿದ. ನಮ್ಮಲ್ಲಿಯೂ ಕೆಲವು ಮನೆಗಳ ಹಿತ್ತಲಲ್ಲಿ ಗುಂಡಿ ತೋಡಿ ಸಿದ್ಧವಾಗಿದೆ. ಮನೆಯ ಮಕ್ಕಳಿಗೆ ಅದು ಗೊತ್ತಿದೆ. ಬೆಳಗಾಗುವ ಮೊದಲು ಅದನ್ನು ಮುಚ್ಚಿ.